ಗೇಟು ದಾಟಿದವನು

ಖಾಲಿ ಚಟ್ಟವೇ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೆಳಗಿನ ತುದಿ ಹಿಡಿದಿದ್ದ ಅಭಿನವ್ ಅದನ್ನು ಓರೆ ಮಾಡಿದ, ಎತ್ತಿ ನೋಡಿದ. ಬಿದಿರು ಗೋಡೆಗೆ ತಗುಲಿ ಸುಣ್ಣ ಉದುರಿತು. ಮೇಲಿನ ತುದಿಯಲ್ಲಿದ್ದ ಶವವಾಹನದ ಡ್ರೈವರ್ ಅಜ್ಮತ್ ಒಂದು ಮೆಟ್ಟಿಲು ಹಿಂದಿಳಿದು, ಬಿದಿರನ್ನು ತಲೆಯ ಮೇಲಕ್ಕೆತ್ತಿ ಹೇಗೋ ನುಸುಳಿಸಿದ.

"ಖಾಲಿನೇ ಹಿಂಗೆ ಸತಾಯಿಸ್ತೈತೆ. ಬಾಡಿ ಇಟ್ಕೊಂಡು ಇಳಿಸ್ಬೇಕಂದ್ರೆ ನಾಲ್ಕು ಜನ ಬೇಕೇ ಬೇಕು ಸಾರ್," ಎಂದ ಏದುಸಿರು ಬಿಡುತ್ತ. "ಇನ್ನಿಬ್ರನ್ನ ಕರೀರಿ."

ಅಭಿನವ್ ಚಟ್ಟವನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ.

ಹಾಲಿನಲ್ಲಿ ಗಂಡನ ತಲೆಯ ಬಳಿ ಕೂತಿದ್ದ ಅವನ ತಾಯಿ ಸುಬ್ಬಲಕ್ಷ್ಮಿಗೆ ಆ ಮಾತು ಕೇಳಿಸಿತು. ಬೆಳಿಗ್ಗೆ ಹಲ್ಲುಜ್ಜಲು ಹೋದ ಅನಂತರಾಮು ಬಚ್ಚಲಿನಲ್ಲೇ ಕುಸಿದಿದ್ದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಳಬಾಗಿಲಿನಿಂದ ಹೊರಟಿದ್ದ ಅವಳ ಅಣ್ಣ ಕೆ.ಆರ್. ಪುರದ ಸೇತುವೆಯ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಬಂದರೂ ಅವನು ಹೆಗಲು ಕೊಡುವ ವಯಸ್ಸಿನವನಲ್ಲ. ಮಗ ಕೆಲಸ ಮಾಡುವ ಇಂದಿರಾನಗರದ ಕಣ್ಣಿನ ಆಸ್ಪತ್ರೆಯ ಗೆಳೆಯರು ನೇರ ಚಿತಾಗಾರಕ್ಕೇ ಬರುತ್ತೇವೆಂದಿದ್ದರು. ಕೆಳಗಿನ ಮನೆಯನ್ನು ಕೊರಿಯರ್ ಕಂಪನಿಯ ಗೋಡೌನಿಗೆ ಬಾಡಿಗೆಗೆ ಕೊಟ್ಟಿದ್ದರು, ಭಾನುವಾರವಾದ್ದರಿಂದ ಅದಕ್ಕೆ ಬೀಗ. ಹಾಗಾಗಿ ಮನೆಯಲ್ಲಿದ್ದ ಗಂಡಸರೆಂದರೆ ಅಭಿನವ್, ಈ ಡ್ರೈವರು ಮತ್ತು ಪದೇ ಪದೇ ಗಡಿಯಾರ ನೋಡುತ್ತಿದ್ದ ಪುರೋಹಿತರು. ಚಿತಾಗಾರದಲ್ಲಿ ಸಿಕ್ಕಿದ್ದ ಸಮಯ ತಪ್ಪಿದರೆ ಮತ್ತೆ ನಾಳೆಯೇ.

ಅಜ್ಮತ್ ಕಿಟಕಿಯಿಂದ ಬಗ್ಗಿ ನೋಡಿದ.

"ಅಲ್ಲಿ ಅಷ್ಟೊಂದು ಜನ ನಿಂತವ್ರಲ್ಲ ಅಮ್ಮಾ. ಕರೆದ್ರೆ ಬರಲ್ವಾ?"

ಹಾಲಿನ ಬೂತಿನ ಪಕ್ಕದ ಹೊಂಗೆ ಮರದ ಕೆಳಗೆ ಬಡಾವಣೆಯ ಗಂಡಸರು ಗುಂಪಾಗಿ ನಿಂತಿದ್ದರು. ಹೆಚ್ಚಿನವರು ನಿವೃತ್ತರು. ಕೆಲವರ ಕೈಯಲ್ಲಿ ಕೋಲು, ಕೆಲವರ ಕೈಯಲ್ಲಿ ಮಡಿಸಿದ ಪೇಪರು. ವ್ಯಾನು ಬಂದಾಗಿನಿಂದ ಅಲ್ಲಿಯೇ ಇದ್ದರು. ಹೋಗುತ್ತಲೂ ಇರಲಿಲ್ಲ, ಇತ್ತ ಬರುತ್ತಲೂ ಇರಲಿಲ್ಲ.

"ಅವ್ರೆಲ್ಲ ಅಪ್ಪನ ಫ್ಯಾಕ್ಟ್ರಿಯೋರು. ಬರಲ್ಲ," ಎಂದ ಅಭಿನವ್.

"ಫ್ಯಾಕ್ಟ್ರಿಯೋರಾದ್ರೆ ಬರ್ಬೇಕಲ್ಲ ಸಾರ್," ಎಂದ ಅಜ್ಮತ್. ಅವನಿಗೆ ಅರ್ಥವಾಗಲಿಲ್ಲ. "ನಾನೇ ಕೇಳ್ತೀನಿ ಇರಿ," ಎಂದು ಇಳಿದುಹೋದ.

*

ಹಳೆ ಮದ್ರಾಸ್ ರಸ್ತೆಯ ಆ ಕಾರ್ಖಾನೆಯ ನೌಕರರೇ ಸಂಘ ಕಟ್ಟಿಕೊಂಡು ಮಾಡಿದ ಬಡಾವಣೆ ಅದು. ಕೆಲಸದಲ್ಲಿ ಯಾರ ಮೆಷೀನಿನ ಪಕ್ಕ ಯಾರ ಮೆಷೀನೋ, ಇಲ್ಲಿಯೂ ಹೆಚ್ಚುಕಡಿಮೆ ಅವರ ಮನೆಯ ಪಕ್ಕ ಇವರ ಮನೆ. ಅನಂತರಾಮು ಕೆಲಸ ಮಾಡುತ್ತಿದ್ದ ಟೂಲ್ ರೂಮ್ ವಿಭಾಗದ ಹೆಚ್ಚಿನವರು ಒಂದೇ ರಸ್ತೆಯಲ್ಲಿದ್ದರು. ಬೆಳಿಗ್ಗೆ ಒಂದೇ ಬಸ್ಸು ಹತ್ತುತ್ತಿದ್ದರು, ಸಾಯಂಕಾಲ ಒಂದೇ ಬಸ್ಸಿನಿಂದ ಇಳಿಯುತ್ತಿದ್ದರು.

ಅಭಿನವ್ ಹತ್ತನೇ ತರಗತಿಯಲ್ಲಿದ್ದಾಗ ಮುಷ್ಕರವಾಯಿತು. ಕಾರ್ಖಾನೆಯ ಅರ್ಧ ಜನರನ್ನು ಉತ್ತರ ಭಾರತದ ಘಟಕಕ್ಕೆ ವರ್ಗ ಮಾಡುತ್ತೇವೆಂದು ಆಡಳಿತದವರು ಹೊರಟಿದ್ದರು. ಎಲ್ಲರೂ ಹೊರಗೆ ಕೂತರು. ವಾರಗಳು ಕಳೆದವು. ಸೋಮವಾರ ಕೆಲಸಕ್ಕೆ ಬಂದವರನ್ನು ಮುಟ್ಟುವುದಿಲ್ಲ, ಬಾರದವರು ಗಂಟುಮೂಟೆ ಕಟ್ಟಿಕೊಳ್ಳಿ ಎಂದು ನೋಟೀಸು ಅಂಟಿಸಿದರು. ಆ ಸೋಮವಾರ ಟೂಲ್ ರೂಮಿನಿಂದ ಒಬ್ಬರು ಮಾತ್ರ ಗೇಟು ದಾಟಿ ಒಳಗೆ ಹೋದರು, ಅನಂತರಾಮು. ಅದೇ ವಾರದ ಕೊನೆಗೆ ಆಡಳಿತ ಮಣಿಯಿತು, ವರ್ಗಾವಣೆ ರದ್ದಾಯಿತು. ಎಲ್ಲರೂ ಬಣ್ಣ ಎರಚಿಕೊಂಡು ಒಳಗೆ ಹೋದರು. ಅನಂತರಾಮು ಯಾರಿಗೂ ಬೇಡವಾದರು.

ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಕ್ಯಾಂಟೀನಿನಲ್ಲಿ ಅವರು ತಟ್ಟೆ ಇಟ್ಟ ಮೇಜಿನಿಂದ ಉಳಿದವರು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ಜನ ಕಂಬಿ ಹಿಡಿದು ನಿಲ್ಲುತ್ತಿದ್ದರು. ಆದರೂ ಅನಂತರಾಮು ಕಿಟಕಿಯ ಕಡೆಗೆ ಒತ್ತಿಕೊಂಡು, ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂರುತ್ತಿದ್ದರು. ಮಗ ಪಾಸಾದಾಗ ಒಯ್ದ ಮೈಸೂರು ಪಾಕಿನ ಡಬ್ಬ ಹಾಗೇ ವಾಪಸು ಬಂತು. ಕಟ್ಟಿದ್ದ ದಾರವನ್ನು ಅನಂತರಾಮು ಬಿಚ್ಚಿರಲೇ ಇಲ್ಲ.

ಸುಬ್ಬಲಕ್ಷ್ಮಿಯನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ನಿಂತಿತು. ಮೈದಾನದಲ್ಲಿ ಹುಡುಗರು ಅಭಿನವ್‌ಗೆ 'ಗೇಟು' ಎಂದು ಹೆಸರಿಟ್ಟರು. ಒಂದು ದಿನ ಅವನು ಬ್ಯಾಟನ್ನು ಮೂಲೆಗೆಸೆದು ತಂದೆಯ ಮುಂದೆ ನಿಂತ.

"ಎಲ್ರೂ ಹೊರಗಿದ್ದಾಗ ನೀನೊಬ್ನೇ ಯಾಕಪ್ಪಾ ಒಳಗೆ ಹೋದೆ?"

ಅನಂತರಾಮು ಪೇಪರಿನ ಅಂಚನ್ನು ಸುರುಳಿ ಸುತ್ತುತ್ತ ಕೂತರು. ಮಗ ಸ್ವಲ್ಪ ಹೊತ್ತು ಕಾದ, ಆಮೇಲೆ ಹೊರಟುಹೋದ. ಅಲ್ಲಿಂದ ಮುಂದೆ ಅವನೂ ಬೇಕಾದಷ್ಟೇ ಮಾತಾಡಿದ.

ಮನೆ ಮಾರಿ ಬೇರೆ ಕಡೆ ಹೋಗೋಣವೆಂದು ಸುಬ್ಬಲಕ್ಷ್ಮಿ ಎಷ್ಟೋ ಸಲ ಕೇಳಿದಳು. ಅವರು ಒಪ್ಪಲಿಲ್ಲ.

"ಗೊತ್ತಿಲ್ದಿರೋ ಕಡೆ ಯಾರು ಮಾತಾಡಿಸ್ತಾರೆ ಹೇಳು. ಇಲ್ಲಾದ್ರೆ ಎಲ್ರೂ ನಮ್ಮೋರು. ಯಾವತ್ತಾದ್ರೂ ಒಬ್ಬ ಮಾತಾಡಿಸೇ ಮಾತಾಡಿಸ್ತಾನೆ. ಒಬ್ಬ ಶುರು ಮಾಡಿದ್ರೆ ಸಾಕು," ಎನ್ನುತ್ತಿದ್ದರು.

ನಿವೃತ್ತಿಯ ದಿನ ಅವರು ಆಟೋದಲ್ಲಿ ಬಂದರು. ಸುಬ್ಬಲಕ್ಷ್ಮಿ ಬಾಲ್ಕನಿಯಲ್ಲಿ ನಿಂತಿದ್ದಳು. ಆಟೋ ರಸ್ತೆಯ ತುದಿಯಲ್ಲಿ ನಿಂತಿತು. ಒಳಗೆ ಕೂತಿದ್ದ ಅನಂತರಾಮು ಬಾಳೆಲೆಯ ಪೊಟ್ಟಣ ಬಿಚ್ಚಿ, ಅದರೊಳಗಿಂದ ಒಂದು ಸುಗಂಧರಾಜದ ಹಾರ ತೆಗೆದು, ನೀರು ಕೊಡವಿ ಕೊರಳಿಗೆ ಹಾಕಿಕೊಂಡರು. ಆಮೇಲೆ ಆಟೋ ಮುಂದೆ ಬಂತು. "ಸೆಕ್ಷನ್ನಿನೋರು ಹಾಕಿದ್ರು," ಎಂದರು ಮೆಟ್ಟಿಲು ಹತ್ತುತ್ತ. "ಚೆನ್ನಾಗಿದೆ," ಎಂದಳು ಅವಳು. ಆ ಹಾರವನ್ನು ದೇವರ ಪಟಕ್ಕೆ ಹಾಕಿ, ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

*

ಅಜ್ಮತ್ ತಲೆ ಕೆರೆದುಕೊಳ್ಳುತ್ತ ವಾಪಸು ಬಂದ.

"ಏನ್ ಜನ ಸಾರ್ ಇವ್ರು. ಒಬ್ರನ್ನ ಕೇಳಿದ್ರೆ ಪಕ್ಕದೋರ ಮುಖ ನೋಡ್ತಾರೆ. ಪಕ್ಕದೋರು ಇನ್ನೊಬ್ರ ಮುಖ ನೋಡ್ತಾರೆ. ಬರಲ್ಲ ಅಂತ ಒಬ್ರೂ ಹೇಳ್ಲಿಲ್ಲ. 'ಅವ್ರು ಬಂದ್ರೆ ಬರ್ತೀನಿ' ಅಂತಾರೆ. ಆ ಛತ್ರಿ ಹಿಡ್ಕೊಂಡಿರೋ ಅಜ್ಜ ಯಾರು? ಎಲ್ರೂ ಅವ್ರ ಕಡೆನೇ ನೋಡ್ತಾರಪ್ಪ."

"ವೆಂಕಟಸ್ವಾಮಿ," ಎಂದ ಅಭಿನವ್. "ಯೂನಿಯನ್ ಲೀಡರ್ ಆಗಿದ್ರು." ತಂದೆಯ ಮುಖದತ್ತ ನೋಡದೆ ಹೇಳಿದ, "ಅವ್ರನ್ನ ಅಂದು ಏನ್ ಪ್ರಯೋಜನ. ಇದೆಲ್ಲ ಅಪ್ಪ ಮಾಡ್ಕೊಂಡಿದ್ದು. ಎಲ್ರನ್ನೂ ಬಿಟ್ಟು ಒಬ್ರೇ ಹೋದ್ರಲ್ಲ, ಇವತ್ತೂ ಒಬ್ರೇ ಹೋಗ್ಲಿ."

ಸೊಸೆ ಮಧುರಾ, "ಅಭಿ, ಸಾಕು," ಎಂದಳು.

ಸುಬ್ಬಲಕ್ಷ್ಮಿ ಗಂಡನ ಹಣೆಯ ಮೇಲೆ ಕೂತ ನೊಣವನ್ನು ಓಡಿಸಿದಳು. ಇಷ್ಟು ವರ್ಷ ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋದ ಮಾತು ಈಗ ತಾನಾಗಿ ಹೊರಬಂತು.

"ಅವ್ರು ಒಬ್ರೇ ಹೋಗ್ಬೇಕು ಅಂತ ಹೋಗ್ಲಿಲ್ಲ ಕಣೋ," ಎಂದಳು.

*

ಆ ಸೋಮವಾರದ ಹಿಂದಿನ ಸಾಯಂಕಾಲ ಇದೇ ಹಾಲಿನಲ್ಲಿ ಮೂವರು ಕೂತಿದ್ದರು. ಅನಂತರಾಮು, ಎದುರು ಮನೆಯ ವೆಂಕಟಸ್ವಾಮಿ, ಹಿಂದಿನ ಸಾಲಿನ ಮುನಿವೆಂಕಟಪ್ಪ. ಒಂದೇ ದಿನ ಕೆಲಸಕ್ಕೆ ಸೇರಿದ್ದ ಮೂವರೂ ಒಂದೇ ಬುತ್ತಿ ಹಂಚಿಕೊಂಡು ಉಂಡವರು. ಸುಬ್ಬಲಕ್ಷ್ಮಿ ಉಪ್ಪಿಟ್ಟು, ಕಾಫಿ ತಂದುಕೊಟ್ಟಳು. ವೆಂಕಟಸ್ವಾಮಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

"ಇದು ಗೆಲ್ಲೋ ಮುಷ್ಕರ ಅಲ್ಲ ಅನಂತು. ಎಲ್ರಿಗೂ ಒಳಗೊಳಗೇ ಗೊತ್ತು, ಬಾಯಿ ಬಿಡ್ತಿಲ್ಲ ಅಷ್ಟೇ. ಮೂರು ಜನ ಒಟ್ಟಿಗೆ ಹೋದ್ರೆ ಹಿಂದೆ ಮೂವತ್ತು ಜನ ಬರ್ತಾರೆ, ನೋಡ್ತಿರು."

"ನೀವಿಬ್ರೂ ಹೋದ್ರೆ ನಾನೂ ಬತ್ತೀನಿ," ಎಂದ ಮುನಿವೆಂಕಟಪ್ಪ. "ನಮ್ಮವ್ವನ್ನ ಬುಟ್ಟು ಆ ಚಳಿ ದೇಶಕ್ಕೆ ಹೋಗೋಕಾಗಲ್ಲ ನಂಗೆ."

ಅನಂತರಾಮು ಕಾಫಿ ಲೋಟವನ್ನು ಕೆಳಗಿಟ್ಟರು. ಅವರಿಗೆ ಹೋಗುವ ಮನಸ್ಸಿರಲಿಲ್ಲ. ಸುಬ್ಬಲಕ್ಷ್ಮಿಗೆ ಅದು ಅವರ ಕಾಲ್ಬೆರಳುಗಳು ಮಡಚಿಕೊಂಡಿದ್ದ ರೀತಿಯಲ್ಲೇ ತಿಳಿದಿತ್ತು. ಕೊನೆಗೆ, "ನೀವು ಹೋಗೋದಾದ್ರೆ ನಾನು ಹಿಂದೆ ಉಳಿಯಲ್ಲ," ಎಂದರು.

ಮರುದಿನ ಸಂಜೆ ಮನೆಗೆ ಬಂದ ಅನಂತರಾಮು ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಗೇಟಿನ ಎರಡೂ ಕಡೆ ಜನವೋ ಜನ. ನಾನು ಮುಂದೆ ಇದ್ದೆ. ಮುಖ ಎತ್ತಿದರೆ ಎಲ್ಲಿ ಕಾಲು ಬರುವುದಿಲ್ಲವೋ ಎಂದು ನೆಲ ನೋಡಿಕೊಂಡೇ ನಡೆದೆ. ಹಿಂದೆ ಹೆಜ್ಜೆ ಸದ್ದು ಕೇಳುತ್ತಲೇ ಇತ್ತು. ಅವರೇ ಅಂದುಕೊಂಡೆ. ಒಳಗೆ ಹೋಗಿ ತಿರುಗಿ ನೋಡಿದರೆ ಹಿಂದೆ ಇದ್ದವನು ಸೆಕ್ಯೂರಿಟಿಯವನು. ಯಾರೋ ಗುಂಪಿನಿಂದ 'ವೆಂಕಟಸ್ವಾಮೀ' ಅಂತ ಕೂಗಿದರಂತೆ. ಅವನು ನಿಂತ. ಅವನು ನಿಂತ ಅಂತ ಮುನಿವೆಂಕಟಪ್ಪ ನಿಂತ. ನಾನು ವಾಪಸ್ ಹೋಗ್ತೀನಿ ಅಂದರೆ ಗೇಟು ತೆಗೆಯಲಿಲ್ಲ. ದೀಪವೂ ಹಾಕಿಲ್ಲದ ಟೂಲ್ ರೂಮಿನಲ್ಲಿ ಸಾಯಂಕಾಲದ ತನಕ ಕೂತಿದ್ದೆ, ಸುಬ್ಬು. ಹೊರಗೆ ಬಂದಾಗ ಎರಡು ಸಾಲಾಗಿ ನಿಂತಿದ್ದರು. ವೆಂಕಟಸ್ವಾಮಿ ಮೊದಲು ಬೆನ್ನು ತಿರುಗಿಸಿದ. ಆಮೇಲೆ ಎಲ್ಲರೂ.

"ನಾಳೆನೇ ಹೋಗಿ ಎಲ್ರ ಮುಂದೆ ಹೇಳಿ," ಎಂದಳು ಸುಬ್ಬಲಕ್ಷ್ಮಿ.

"ಹೇಳಿದ್ರೆ ಏನಾಗತ್ತೆ? ನಮ್ಮನೆ ಥರ ಇನ್ನೆರಡು ಮನೆ ಆಗತ್ತೆ. ಸ್ವಲ್ಪ ದಿನ ತಡಿ. ಅವ್ರೇ ಬಂದು ಮಾತಾಡಿಸ್ತಾರೆ."

ಅವರಿಬ್ಬರೇ ಎಲ್ಲರಿಗಿಂತ ಬಿಗಿಯಾದರು. ಕ್ಯಾಂಟೀನಿನಲ್ಲಿ ಮೊದಲು ಏಳುತ್ತಿದ್ದವನು ವೆಂಕಟಸ್ವಾಮಿ.

*

ಅಭಿನವ್ ಕೇಳಿ ಮುಗಿಸುವ ಮುಂಚೆಯೇ ಮೆಟ್ಟಿಲಿಳಿಯುತ್ತಿದ್ದ. ಸುಬ್ಬಲಕ್ಷ್ಮಿ ಗೋಡೆ ಹಿಡಿದುಕೊಂಡು ಹಿಂದೆಯೇ ಇಳಿದಳು. ಅವಳು ಹೊಂಗೆ ಮರ ತಲುಪುವ ಹೊತ್ತಿಗೆ ಮಗ ವೆಂಕಟಸ್ವಾಮಿಯ ಎದುರು ನಿಂತಿದ್ದ.

"ಅಂಕಲ್, ಗೇಟು ದಾಟೋ ಹಿಂದಿನ ಸಾಯಂಕಾಲ ನೀವು ನಮ್ಮನೇಗೆ ಬಂದಿದ್ರಾ?"

"ಯಾವ ಸಾಯಂಕಾಲನಪ್ಪ?"

"ಮೂರೂ ಜನ ಒಟ್ಟಿಗೆ ಒಳಗೆ ಹೋಗೋಣ ಅಂತ ಮಾತಾಡ್ಕೊಂಡ ಸಾಯಂಕಾಲ. ನೀವು, ಮುನಿವೆಂಕಟಪ್ಪ ಅಂಕಲ್, ನಮ್ಮಪ್ಪ."

ಗುಂಪಿನಲ್ಲಿ ಯಾರೋ ಕೆಮ್ಮಿದರು. ವೆಂಕಟಸ್ವಾಮಿಯ ಸುತ್ತ ನಿಂತಿದ್ದವರು ತಮಗರಿವಿಲ್ಲದೆ ಅರ್ಧ ಹೆಜ್ಜೆ ಹಿಂದೆ ಸರಿದರು. ಅಷ್ಟಕ್ಕೇ ಅವನ ಮುಖ ಬಿಳಿಚಿಕೊಂಡಿತು. ಒಬ್ಬಾತ ಮುನಿವೆಂಕಟಪ್ಪನ ಕಡೆ ತಿರುಗಿದ. "ಏನಯ್ಯಾ ಇದು, ಹೊಸ ಕಥೆ?"

"ನಂಗೇನ್ ಗೊತ್ತು," ಎಂದ ಮುನಿವೆಂಕಟಪ್ಪ ತಡವರಿಸುತ್ತ. "ವೆಂಕಟಸ್ವಾಮಿ ಹೇಳ್ದಂಗೆ."

"ನಾನಿನ್ನೂ ಏನೂ ಹೇಳಿಲ್ವಲ್ಲೋ," ಎಂದ ವೆಂಕಟಸ್ವಾಮಿ.

ಯಾರೂ ನಗಲಿಲ್ಲ. ಅಭಿನವ್ ತಾಯಿಯತ್ತ ತಿರುಗಿದ. "ಅಮ್ಮ, ನೀನೇ ಹೇಳು. ನೀನೇ ಕಾಫಿ ಕೊಟ್ಟೆ ಅಂದ್ಯಲ್ಲ."

ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ಹದಿಮೂರು ವರ್ಷಗಳ ಮೇಲೆ ಮೊದಲ ಸಲ ಈ ಬೀದಿ ಅವಳ ಮಾತಿಗಾಗಿ ಕಾಯುತ್ತಿತ್ತು. ಒಂದೇ ಮಾತು ಸಾಕಿತ್ತು. ನಾಳೆಯಿಂದ ಪಾರ್ಕಿನ ಬೆಂಚಿನಲ್ಲಿ ವೆಂಕಟಸ್ವಾಮಿಯ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳಿಗೆ ಅದು ಬೇಕಿತ್ತು. ಅವಳು ವೆಂಕಟಸ್ವಾಮಿಯನ್ನು ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ, ಸುತ್ತಲಿನವರನ್ನು ನೋಡುತ್ತಿದ್ದ. ಮುನಿವೆಂಕಟಪ್ಪ ಅವನನ್ನು ನೋಡುತ್ತಿದ್ದ. ಉಳಿದವರು ಒಬ್ಬರನ್ನೊಬ್ಬರು.

"ನಾನು ಅದನ್ನ ಹೇಳೋಕೆ ಬಂದಿಲ್ಲ," ಎಂದಳು ಸುಬ್ಬಲಕ್ಷ್ಮಿ. "ನಮ್ಮನೆ ಮೆಟ್ಟಿಲು ಕಿರಿದು. ಇಬ್ರ ಕೈಲಿ ಇಳಿಸೋಕಾಗ್ತಿಲ್ಲ. ಇನ್ನಿಬ್ರು ಬೇಕು. ಯಾರಾದ್ರೂ ಬನ್ನಿ. ಕೈ ಮುಗಿದು ಕೇಳ್ಕೋತೀನಿ."

ಕೈ ಮುಗಿದಳು ಕೂಡ.

ಮರದ ಮೇಲೆ ಕಾಗೆ ಕೂಗಿತು. ಮುನಿವೆಂಕಟಪ್ಪ ಬಲಗಾಲಿನ ಚಪ್ಪಲಿ ಬಿಟ್ಟ. ಶವಕ್ಕೆ ಹೆಗಲು ಕೊಡುವವರು ಬಿಡುವ ಹಾಗೆ, ಹಿಮ್ಮಡಿಯಿಂದ ಒತ್ತಿ ಪಕ್ಕಕ್ಕೆ ಸರಿಸಿ ಬಿಟ್ಟ. ಬರಿಗಾಲನ್ನು ಮಣ್ಣಿನ ಮೇಲಿಟ್ಟು ವೆಂಕಟಸ್ವಾಮಿಯ ಕಡೆ ನೋಡಿದ. ವೆಂಕಟಸ್ವಾಮಿ ವ್ಯಾನಿನ ಗಾಜಿನತ್ತ ದಿಟ್ಟಿಸುತ್ತಿದ್ದ.

"ತಂದೆ ಹೋದ ಸಂಕಟದಲ್ಲಿ ಹುಡುಗ ಏನೋ ಮಾತಾಡ್ದ. ಮನಸ್ಸಿಗೆ ಹಚ್ಕೋಬೇಡಿ," ಎಂದ ಅವನು, ಯಾರಿಗೋ ಹೇಳುವಂತೆ.

ಗುಂಪು ಉಸಿರು ಬಿಟ್ಟಿತು. ಸರಿದಿದ್ದ ಅರ್ಧ ಹೆಜ್ಜೆಯನ್ನು ಮತ್ತೆ ಮುಂದಿಟ್ಟಿತು. ಮುನಿವೆಂಕಟಪ್ಪನ ಬರಿಗಾಲು ನೆಲದ ಮೇಲೆ ತಡಕಾಡಿ ಚಪ್ಪಲಿಯನ್ನು ಹುಡುಕಿಕೊಂಡು ಒಳಸೇರಿತು.

*

ನಾಲ್ಕು ಜನ ಹಿಡಿದರು. ಕೆಳಗಡೆ ಅಭಿನವ್ ಮತ್ತು ಅಜ್ಮತ್, ಮೇಲ್ಗಡೆ ಮಧುರಾ ಮತ್ತು ಸುಬ್ಬಲಕ್ಷ್ಮಿ.

"ಹೆಂಗಸ್ರು ಚಟ್ಟ ಹಿಡಿಯೋ ಪದ್ಧತಿ ಇಲ್ಲಮ್ಮ," ಎಂದರು ಪುರೋಹಿತರು.

"ಹಾಗಾದ್ರೆ ನೀವೊಂದು ಕಡೆ ಹಿಡೀರಿ," ಎಂದಳು ಮಧುರಾ ಸೆರಗು ಸಿಕ್ಕಿಸಿಕೊಳ್ಳುತ್ತ. ಅವರು ಸುಮ್ಮನೆ ಪಕ್ಕಕ್ಕೆ ಸರಿದರು.

ಇಷ್ಟು ಭಾರವಿರುತ್ತಾರೆಂದು ಸುಬ್ಬಲಕ್ಷ್ಮಿ ಎಣಿಸಿರಲಿಲ್ಲ. ತಿರುವಿನಲ್ಲಿ ಚಟ್ಟ ವಾಲಿತು. "ಸಂಭಾಳ್ಸಿ ಅಮ್ಮಾ, ಬಿಡ್ಬೇಡಿ, ನಾನಿದೀನಿ," ಎಂದು ಅಜ್ಮತ್ ಕೆಳಗಿನಿಂದ ಹೇಳುತ್ತಲೇ ಇದ್ದ. ಅವಳ ಬೆರಳ ಗಂಟುಗಳು ಬಿದಿರಿಗೂ ಗೋಡೆಗೂ ನಡುವೆ ಸಿಕ್ಕಿ ತರಚಿದವು. ಅವಳು ಬಿಡಲಿಲ್ಲ.

ಹೊರಗೆ ಬಂದಾಗ ಹೊಂಗೆ ಮರದ ಕೆಳಗೆ ಯಾರೋ ಒಬ್ಬರು ಕೈ ಮುಗಿದರು. ತಕ್ಷಣ ಎಲ್ಲರೂ ಮುಗಿದರು.

ವ್ಯಾನಿನಲ್ಲಿ ತಾಯಿ ಮಗ ಎದುರುಬದುರಾಗಿ ಕೂತರು. ಕೆ.ಆರ್. ಪುರ ದಾಟಿತು. ಅಭಿನವ್ ತಂದೆಯ ಕಾಲಿನ ಮೇಲಿನ ಬಟ್ಟೆಯನ್ನು ಸರಿಮಾಡಿದ. ಸರಿಯಾಗಿಯೇ ಇತ್ತು, ಆದರೂ ಮತ್ತೆ ಮತ್ತೆ ಸರಿಮಾಡಿದ.

"ನಂಗಾದ್ರೂ ಹೇಳ್ಬಹುದಿತ್ತಲ್ಲಮ್ಮ ಅಪ್ಪ."

"ಮೊದ್ಲು ನೀನು ಚಿಕ್ಕೋನು, ಹೊರಗೆ ಬಾಯಿ ಬಿಟ್ಬಿಡ್ತೀಯ ಅಂತ ಹೆದರ್ಕೊಂಡ್ರು."

"ಆಮೇಲೆ?"

ಅವಳು ಸುಳ್ಳು ಹೇಳಬಹುದಿತ್ತು. ಅವಳಲ್ಲಿ ಅದಕ್ಕೂ ಶಕ್ತಿಯಿರಲಿಲ್ಲ.

"ಆಮೇಲೆ ನೀನು ಕೇಳ್ಲೇ ಇಲ್ಲ."

ಅಭಿನವ್ ಚಟ್ಟದ ಬಿದಿರಿಗೆ ಹಣೆ ಆನಿಸಿ ಅಳತೊಡಗಿದ. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಜನ ಕಿಟಕಿಯಿಂದ ಒಳಗೆ ನೋಡಿದರು. ಸುಬ್ಬಲಕ್ಷ್ಮಿ ಮಗನ ತಲೆಯನ್ನು ಸೆರಗಿನಿಂದ ಮರೆಮಾಡಿದಳು.

*

ಹೊತ್ತು ಮುಳುಗುವಾಗ ಅವರು ವಾಪಸಾದರು. ಚಿತಾಗಾರಕ್ಕೆ ಬಂದು ಸೇರಿಕೊಂಡಿದ್ದ ಅಣ್ಣ ಸ್ನಾನ ಮಾಡಿ ಮಲಗಿಬಿಟ್ಟ. ಅಭಿನವ್ ತಂದೆಯ ಕುರ್ಚಿಯಲ್ಲಿ ಕೂರದೆ, ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹೊರಗಿನಿಂದ ಏನಾದರೂ ತರಿಸಬೇಕೆಂದು ಮಧುರಾ ಫೋನು ಹಿಡಿದಿದ್ದಳು.

ಅಡುಗೆಮನೆಯ ಹಿಂಬಾಗಿಲ ಆಚೆ ಏನೋ ಟಣ್ಣೆಂದಿತು. ಬೆಕ್ಕಿರಬೇಕೆಂದು ಸುಬ್ಬಲಕ್ಷ್ಮಿ ಬಾಗಿಲು ತೆರೆದಳು. ಅಲ್ಲಿಂದ ಹಿಂದಿನ ಓಣಿಗೆ ಇಳಿಯುವ, ಒಬ್ಬರಷ್ಟೇ ಹಿಡಿಸುವ ಕಬ್ಬಿಣದ ಮೆಟ್ಟಿಲುಗಳಿದ್ದವು. ಕಸ ಒಯ್ಯುವವರನ್ನು ಬಿಟ್ಟರೆ ಅವನ್ನು ಯಾರೂ ಹತ್ತುತ್ತಿರಲಿಲ್ಲ.

ಮೇಲಿನ ಮೆಟ್ಟಿಲ ಮೇಲೆ ತಟ್ಟೆ ಮುಚ್ಚಿದ ಮೊಸರನ್ನದ ಪಾತ್ರೆ. ಅದರ ಕೆಳಗಿನದರಲ್ಲಿ ಕಾಫಿಯ ಫ್ಲಾಸ್ಕು. ಇನ್ನೂ ಕೆಳಗೆ, ಬಟ್ಟೆ ಸುತ್ತಿದ ಸಾರಿನ ಪಾತ್ರೆ. ಒಂದು ಪಾತ್ರೆ ಇನ್ನೊಂದರಂತಿರಲಿಲ್ಲ. ಬೇರೆ ಬೇರೆ ಮನೆಯವು. ಯಾರೂ ಬಾಗಿಲು ತಟ್ಟಿರಲಿಲ್ಲ.

ಕೆಳಗೆ ಓಣಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಬೇಗ ಬೇಗ ಹೋಗುತ್ತಿದ್ದಳು. ನಡಿಗೆಯಿಂದಲೇ ಸುಬ್ಬಲಕ್ಷ್ಮಿಗೆ ಗುರುತು ಸಿಕ್ಕಿತು. ವೆಂಕಟಸ್ವಾಮಿಯ ಹೆಂಡತಿ ಅಮೃತಮ್ಮ. ಅಷ್ಟರಲ್ಲಿ ಓಣಿಗೆ ತೆರೆದುಕೊಳ್ಳುವ ಮುನಿವೆಂಕಟಪ್ಪನ ಮನೆಯ ಅಡುಗೆಕೋಣೆಯಲ್ಲಿ ದೀಪ ಹೊತ್ತಿಕೊಂಡಿತು. ಅಮೃತಮ್ಮ ಥಟ್ಟನೆ ನಿಂತು, ಬೆಳಕು ತಾಕದಂತೆ ಕಾಂಪೌಂಡ್ ಗೋಡೆಗೆ ಬೆನ್ನೊತ್ತಿಕೊಂಡಳು. ಅತ್ತ ಬಾಗಿಲು ಅರ್ಧ ತೆರೆಯಿತು. ಮುನಿವೆಂಕಟಪ್ಪನ ಹೆಂಡತಿ ಬೈರಮ್ಮ ಮುಚ್ಚಿದ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬಂದಳು. ಓಣಿಯಲ್ಲಿ ಯಾರೋ ಇದ್ದಂತೆ ಅನ್ನಿಸಿರಬೇಕು. ಹಿಂದೆ ಸರಿದಳು. ದೀಪ ಆರಿತು.

ಕತ್ತಲಲ್ಲಿ ಒಬ್ಬಳು ಗೋಡೆಗಂಟಿ ನಿಂತಿದ್ದಳು, ಇನ್ನೊಬ್ಬಳು ಬಾಗಿಲ ಸಂದಿಯಲ್ಲಿ. ಓಣಿ ಖಾಲಿಯಾಗಲೆಂದು ಇಬ್ಬರೂ ಕಾಯುತ್ತಿದ್ದರು. ಸುಬ್ಬಲಕ್ಷ್ಮಿ ಮೇಲಿನಿಂದ, ತೆರೆದ ಬಾಗಿಲು ಕಿರುಗುಟ್ಟದಂತೆ ತರಚಿದ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ನಿಂತಳು.